ಕಕ್ಷೆಯಲ್ಲೊಂದು ಕನ್ನ: ಬಾಹ್ಯಾಕಾಶ ದರೋಡೆಯ ಸಿನಿಮಾ ಬರೆದು ಚಿತ್ರೀಕರಿಸುವ ಬಗೆ

ಕದಿಯುವ ಮಾಲು ಎಷ್ಟು ಕೆ.ಜಿ., ಎಷ್ಟು ಅಗಲ? ಬಾಹ್ಯಾಕಾಶದ ದರೋಡೆ ಕಥೆ ಬರೆಯಲು ಕೂತವರು ನಾಯಕನಿಗೆ ಹೆಸರಿಡುವ ಮೊದಲೇ ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ನೆಲದ ಮೇಲಿನ ಕಳ್ಳರಿಗೆ ಬೀಗ, ಕಾವಲುಗಾರ, ಕ್ಯಾಮೆರಾ ಅಡ್ಡಿ. ಮೇಲೆ ಹೋದಮೇಲೆ ಗಾಳಿ, ಜಡತ್ವ, ಕಕ್ಷೆ, ಇಂಧನ ಅಡ್ಡಿ. ಇವಕ್ಕೆ ಲಂಚ ಕೊಡಲಾಗದು, ಇವುಗಳ ಕಣ್ಣು ತಪ್ಪಿಸಲೂ ಆಗದು. ಬ್ಯಾಂಕ್ ದರೋಡೆಯ ಚಿತ್ರಕಥೆಯನ್ನೇ ಎತ್ತಿಕೊಂಡು ಕಿಟಕಿಯಾಚೆ ನಕ್ಷತ್ರ ಅಂಟಿಸಿದರೆ ಮೊದಲ ಅರ್ಧ ಗಂಟೆಯಲ್ಲೇ ಪ್ರೇಕ್ಷಕನಿಗೆ ಮೋಸ ಗೊತ್ತಾಗಿಬಿಡುತ್ತದೆ. ಭೌತಶಾಸ್ತ್ರವನ್ನೇ ತಿಜೋರಿಯ ಬೀಗವಾಗಿಸಿಕೊಂಡರೆ ಅರ್ಧ ಕಥೆ ತಾನಾಗಿ ಹುಟ್ಟುತ್ತದೆ. ಅದನ್ನು ಮಾಡುವ ಕ್ರಮ ಮುಂದಿದೆ: ಮೊದಲು ಕಾಗದದ ಮೇಲೆ, ಆಮೇಲೆ ಸೆಟ್‌ನಲ್ಲಿ.

ಮಾಲು ಆರಿಸುವುದು

ಚಿನ್ನ, ನೋಟಿನ ಕಂತೆ, ವಜ್ರ ಇವೆಲ್ಲ ಇಲ್ಲಿ ಕೆಲಸಕ್ಕೆ ಬಾರವು. ಕೆಳಗೇ ಸಿಗುವುದನ್ನು ಕದಿಯಲು ಯಾರೂ ಮೇಲೆ ಹೋಗುವುದಿಲ್ಲ. ಮೇಲೆ ಮಾತ್ರ ಇರುವ ವಸ್ತು ಬೇಕು: ಕ್ಷುದ್ರಗ್ರಹದಿಂದ ತಂದ ಮಣ್ಣು, ತೂಕರಹಿತ ಸ್ಥಿತಿಯಲ್ಲಷ್ಟೇ ಬೆಳೆಯುವ ಹರಳು, ಮಂಗಳದಿಂದ ಬಂದು ಕ್ವಾರಂಟೈನ್‌ನಲ್ಲಿರುವ ಮಾದರಿ. ನಾಸಾದ ಒಸೈರಿಸ್-ರೆಕ್ಸ್ ನೌಕೆ 2023ರಲ್ಲಿ 'ಬೆನ್ನು' ಎಂಬ ಕ್ಷುದ್ರಗ್ರಹದಿಂದ ತಂದದ್ದು ಒಟ್ಟು 121.6 ಗ್ರಾಂ. ಅಂಗೈಯಲ್ಲಿ ಹಿಡಿಸುವ ಇಂಥ ಮಾಲು ಕಥೆಗೆ ಒಳ್ಳೆಯದಲ್ಲವೇ ಅನ್ನಿಸಬಹುದು. ಆದರೆ ಜೇಬಿಗೆ ಇಳಿಯುವ ಮಾಲಿನಿಂದ ಸಾಹಸ ದೃಶ್ಯ ಹುಟ್ಟುವುದಿಲ್ಲ. ಮಾಲನ್ನು ಕಾಪಾಡುವ ಪೆಟ್ಟಿಗೆಯೇ ಭಾರವಾಗಿರಲಿ. 2002ರ ಜುಲೈಯಲ್ಲಿ ಹ್ಯೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಿಂದ ಚಂದ್ರಶಿಲೆ ಕದ್ದವರು ಸುಮಾರು 270 ಕೆ.ಜಿ.ಯ ತಿಜೋರಿಯನ್ನೇ ಹೊತ್ತೊಯ್ದಿದ್ದರು. ಒಳಗಿದ್ದ ಶಿಲೆ ನೂರು ಗ್ರಾಂ ಚಿಲ್ಲರೆ. ಅವರು ಸಿಕ್ಕಿಬಿದ್ದದ್ದು ಮಾರಲು ಹೊರಟಾಗ. ಆದ್ದರಿಂದ ಮಾಲು ಕೊಳ್ಳುವವನು ಯಾರು, ಅವನಿಗೆ ಅದು ಏಕೆ ಬೇಕು ಎಂಬುದನ್ನೂ ಮೊದಲ ದಿನವೇ ಬರೆದಿಡಿ. ಇಲ್ಲದಿದ್ದರೆ ಕೊನೆಯ ಹದಿನೈದು ನಿಮಿಷದಲ್ಲಿ ಕಥೆಗೆ ಹೋಗಲು ದಾರಿಯೇ ಇರುವುದಿಲ್ಲ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಹಿಡಿದು ಸಾಗೋಣ. ನಿಲ್ದಾಣ 400 ಕಿ.ಮೀ. ಎತ್ತರದಲ್ಲಿದೆ. ಮಾಲು 500 ಕೆ.ಜಿ.ಯ ಶೀತಲ ಪೆಟ್ಟಿಗೆ, ಅಗಲ 85 ಸೆಂ.ಮೀ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೋಣೆ ಕೋಣೆಗಳ ನಡುವಿನ ದೊಡ್ಡ ಬಾಗಿಲುಗಳು ಸುಮಾರು 127 ಸೆಂ.ಮೀ. ಚೌಕ, ಮನುಷ್ಯರನ್ನು ಹೊತ್ತು ಬರುವ ನೌಕೆ ಬಂದು ಕಚ್ಚಿಕೊಳ್ಳುವ ದ್ವಾರದ ವ್ಯಾಸ ಸುಮಾರು 80 ಸೆಂ.ಮೀ. ನಮ್ಮ ಕಲ್ಪನೆಯ ನಿಲ್ದಾಣಕ್ಕೂ ಅದೇ ಅಳತೆ ಇರಲಿ. ಏರ್‌ಲಾಕ್‌ನ, ಅಂದರೆ ಹೊರಗೆ ಹೋಗುವ ಮುನ್ನ ಗಾಳಿ ಖಾಲಿ ಮಾಡುವ ನಡುಕೋಣೆಯ, ಹೊರಬಾಗಿಲು 1 ಮೀಟರ್.

ಪೆಟ್ಟಿಗೆಯ 85ಕ್ಕೂ ದ್ವಾರದ 80ಕ್ಕೂ ನಡುವಿನ ಆ 5 ಸೆಂ.ಮೀ. ಏನು ಮಾಡುತ್ತದೆ ನೋಡಿ. ಪೆಟ್ಟಿಗೆ ನಿಲ್ದಾಣದೊಳಗೆ ಸಲೀಸಾಗಿ ಸಾಗುತ್ತದೆ, ಕಳ್ಳರ ನೌಕೆಯ ಬಾಗಿಲಲ್ಲಿ ಮಾತ್ರ ತೂರುವುದಿಲ್ಲ. ಹಾಗಾಗಿ ಏರ್‌ಲಾಕ್ ಮೂಲಕ ಹೊರಗೆ ತಂದು ನೌಕೆಯ ಹೊರಮೈಗೆ ಕಟ್ಟಬೇಕು. ಹೊರಗೆ ಬರಬೇಕೆಂದರೆ ಸ್ಪೇಸ್‌ಸೂಟ್ ಬೇಕು, ಸೂಟ್ ಹಾಕಬೇಕೆಂದರೆ ಗಂಟೆಗಟ್ಟಲೆ ತಯಾರಿ ಬೇಕು, ಅಷ್ಟು ಹೊತ್ತು ಯಾರಿಗೂ ಅನುಮಾನ ಬರಬಾರದು. ಇಡೀ ಎರಡನೆಯ ಅರ್ಧ ಈ 5 ಸೆಂ.ಮೀ. ಮೇಲೆ ನಿಂತಿದೆ. ನಿಮ್ಮ ಕಥೆಯಲ್ಲೂ ಇಂಥದ್ದೊಂದು ಅಳತೆ ಹುಡುಕಿ. ಮೊದಲ ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ಆ ಬಾಗಿಲಿಗೆ ಅಂಗೈ ಇಟ್ಟು ಅಳೆಯುವುದನ್ನು ತೋರಿಸಿಬಿಡಿ, ಮಾತೇ ಬೇಡ.

ತಪ್ಪಿಸಿಕೊಳ್ಳುವ ಲೆಕ್ಕ

ನೌಕೆ ಒಟ್ಟು ಎಷ್ಟು ವೇಗ ಬದಲಿಸಬಲ್ಲದು ಎಂಬುದು ಅದರ ಜೇಬಿನ ದುಡ್ಡಿದ್ದ ಹಾಗೆ, ಖರ್ಚಾದರೆ ಮುಗಿಯಿತು. ನಿಲ್ದಾಣ ಬಿಡುವ ಹೊತ್ತಿಗೆ ಖಾಲಿ ನೌಕೆ 4,000 ಕೆ.ಜಿ., ಉಳಿದ ಇಂಧನ 1,000 ಕೆ.ಜಿ., ಎಂಜಿನ್ನಿನಿಂದ ನುಗ್ಗುವ ಅನಿಲದ ವೇಗ ಸೆಕೆಂಡಿಗೆ 3,000 ಮೀಟರ್ ಎಂದಿಟ್ಟುಕೊಳ್ಳಿ. ಇಂಧನ ಸೇರಿದ ತೂಕವನ್ನು ಇಂಧನವಿಲ್ಲದ ತೂಕದಿಂದ ಭಾಗಿಸಿ, ಬಂದ ಉತ್ತರದ ನೈಸರ್ಗಿಕ ಲಾಗರಿದಮ್ ತೆಗೆದು 3,000ದಿಂದ ಗುಣಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಬರಿಗೈಯಲ್ಲಿ ಹೊರಟರೆ ಸೆಕೆಂಡಿಗೆ 669 ಮೀಟರ್, 500 ಕೆ.ಜಿ. ಮಾಲು ಕಟ್ಟಿಕೊಂಡರೆ 602. ಕಳೆದುಕೊಂಡದ್ದು 67 ಮೀಟರ್.

ಈ 67ಕ್ಕೆ ಬೆಲೆ ಎಷ್ಟು? ಆ ಎತ್ತರದಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.67 ಕಿ.ಮೀ. ಕಕ್ಷೆಯ ಓರೆಯನ್ನು ಅರ್ಧ ಡಿಗ್ರಿ ತಿರುಗಿಸಲು ಬೇಕಾದದ್ದು ಸರಿಯಾಗಿ ಅಷ್ಟೇ, 67 ಮೀಟರ್. ಹತ್ತು ಡಿಗ್ರಿ ತಿರುಗಿಸಲು ಸುಮಾರು 1,340 ಬೇಕು, ಅದು ಈ ನೌಕೆಯ ಕೈಲಾಗದು. ಆದ್ದರಿಂದ 'ಅಲ್ಲಿಂದ ಇನ್ನೊಂದು ನಿಲ್ದಾಣಕ್ಕೆ ಹಾರಿ ಅಡಗಿಕೊಂಡರು' ಎಂದು ಬರೆಯುವ ಮುನ್ನ ಎರಡರ ಕಕ್ಷೆಯೂ ಒಂದೇ ಸಮತಲದಲ್ಲಿದೆಯೇ ನೋಡಿಕೊಳ್ಳಿ. ವಾತಾವರಣಕ್ಕೆ ಇಳಿಯಲು ಮಾತ್ರ ಹೆಚ್ಚು ಬೇಕಿಲ್ಲ, ಸುಮಾರು 130 ಮೀಟರ್ ಸಾಕು. ಯಾವ ಪಾತ್ರ ಯಾವ ದೃಶ್ಯದಲ್ಲಿ ಎಷ್ಟು ಖರ್ಚು ಮಾಡಿತು ಎಂದು ಒಂದು ಲೆಕ್ಕದ ಹಾಳೆ ಇಡಿ. ಕೊನೆಯಲ್ಲಿ ಮಾಲನ್ನು ಬಿಡಬೇಕೋ ಗೆಳೆಯನನ್ನು ಬಿಡಬೇಕೋ ಎಂಬ ಇಕ್ಕಟ್ಟು ಆ ಹಾಳೆಯಿಂದಲೇ ಎದ್ದು ಬರುತ್ತದೆ.

ಬೆನ್ನಟ್ಟುವ ದೃಶ್ಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ: ಮುಂದಿರುವ ನೌಕೆಯನ್ನು ಹಿಡಿಯಲು ಅದರತ್ತ ಎಂಜಿನ್ ಒತ್ತಿದರೆ ನಿಮ್ಮ ಕಕ್ಷೆ ಮೇಲೇರುತ್ತದೆ, ಸುತ್ತು ದೊಡ್ಡದಾಗುತ್ತದೆ, ನೀವು ಹಿಂದೆ ಬೀಳುತ್ತೀರಿ. ಹಿಡಿಯಬೇಕಾದರೆ ಬ್ರೇಕ್ ಹಾಕಿ ಕೆಳಕ್ಕಿಳಿಯಬೇಕು. ಕೆಳಗಿನ ಸುತ್ತು ಚಿಕ್ಕದು, ಅಲ್ಲಿ ವೇಗವೂ ಹೆಚ್ಚು. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಗಗನಯಾತ್ರಿಗಳು ತಮ್ಮದೇ ರಾಕೆಟ್ಟಿನ ಕಳಚಿದ ಭಾಗದ ಹತ್ತಿರ ಹೋಗಲು ಅದರತ್ತ ನೇರವಾಗಿ ನುಗ್ಗಿ ವಿಫಲರಾದದ್ದು ಇದೇ ಕಾರಣಕ್ಕೆ. ನಿಮ್ಮ ಪೈಲಟ್ 'ಹಿಡಿಯಬೇಕಾ? ಹಾಗಾದರೆ ಬ್ರೇಕ್ ಹಾಕು' ಅನ್ನಲಿ. ಆ ಒಂದು ಮಾತಿನಲ್ಲಿ ಅವಳಿಗೆ ಕಸುಬು ಗೊತ್ತು ಎಂದು ಪ್ರೇಕ್ಷಕ ಒಪ್ಪಿಕೊಳ್ಳುತ್ತಾನೆ.

ಇನ್ನು ಕದ್ದುಮುಚ್ಚಿ ನಿಲ್ದಾಣದ ಹತ್ತಿರ ಬರುವುದು. ಬಾಹ್ಯಾಕಾಶದಲ್ಲಿ ಮರೆಯಾಗಲು ಮರವಿಲ್ಲ, ಗೋಡೆಯಿಲ್ಲ. ಎಂಜಿನ್ ನಿಂತರೂ ನೌಕೆ ಶಾಖ ಚೆಲ್ಲುತ್ತಲೇ ಇರುತ್ತದೆ, ರೇಡಾರ್‌ಗೂ ಕಾಣುತ್ತದೆ. ಕಳ್ಳರು ಅಡಗಿ ಬರುವ ಬದಲು ವೇಷ ಹಾಕಿ ಬರಬೇಕು: ಬರಬೇಕಾದ ಸರಕು ನೌಕೆಯ ಹೆಸರು, ಅದೇ ಸಮಯ, ಅದೇ ದಾರಿ. ಜೋಡಣೆಯ ಕೊನೆಯ ಕ್ಷಣದಲ್ಲಿ ವೇಗ ಸೆಕೆಂಡಿಗೆ 10 ಸೆಂ.ಮೀ. ಆಸುಪಾಸು, ಅಂದರೆ ಇರುವೆ ನಡಿಗೆಗಿಂತ ತುಸು ಜೋರು. ಇಷ್ಟು ನಿಧಾನದ ದೃಶ್ಯದಲ್ಲಿ ಉದ್ವೇಗ ಎಲ್ಲಿಂದ ಬರಬೇಕು? ನಿಲ್ದಾಣದವರು ಕೇಳುವ ಮಾಮೂಲಿ ಪ್ರಶ್ನೆಗಳಿಂದ.

ಗಡಿಯಾರ ಮತ್ತು ಗಾಳಿ

ಕಕ್ಷೆಯ ಒಂದು ಸುತ್ತು ಸುಮಾರು 92 ನಿಮಿಷ. ಅದರಲ್ಲಿ ಹೆಚ್ಚೆಂದರೆ 36 ನಿಮಿಷ ಭೂಮಿಯ ನೆರಳು. ಚಿತ್ರಕಥೆಯ ಪಕ್ಕದಲ್ಲಿ ಮೂರು ಸುತ್ತುಗಳ ಪಟ್ಟಿ ಬರೆದು, ಪ್ರತಿ ದೃಶ್ಯ ಎಷ್ಟನೆಯ ನಿಮಿಷದ್ದು, ಆಗ ಹೊರಗೆ ಬಿಸಿಲೋ ಕತ್ತಲೋ ಎಂದು ಗುರುತು ಮಾಡಿ. ಈ ಪಟ್ಟಿ ಇಲ್ಲದೆ ಶೂಟಿಂಗ್‌ಗೆ ಹೋದರೆ ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಬೆಳಕು ಎರಡು ದಿಕ್ಕಿನಿಂದ ಬೀಳುತ್ತದೆ. ಎಡಿಟಿಂಗ್ ಟೇಬಲ್ ಮೇಲೆ ಅದನ್ನು ಸರಿಪಡಿಸಲಾಗದು.

ಸೂಟ್‌ನ ವಿಷಯ. ನಿಲ್ದಾಣದೊಳಗೆ ಸಮುದ್ರಮಟ್ಟದ ಒತ್ತಡ, ಸುಮಾರು 101 ಕಿಲೋಪ್ಯಾಸ್ಕಲ್. ಅಮೆರಿಕದ ಸೂಟ್‌ನೊಳಗೆ ಸುಮಾರು 30, ಅದೂ ಶುದ್ಧ ಆಮ್ಲಜನಕ. ಒತ್ತಡ ಹೆಚ್ಚಿಟ್ಟರೆ ಸೂಟ್ ಗಾಳಿ ತುಂಬಿದ ಟೈರಿನಂತೆ ಸೆಟೆದು ಕೈ ಮಡಚಲೂ ಆಗುವುದಿಲ್ಲ. 1965ರ ಮಾರ್ಚ್ 18ರಂದು ಮೊದಲ ಬಾರಿ ನೌಕೆಯಿಂದ ಹೊರಬಂದ ಅಲೆಕ್ಸಿ ಲಿಯೊನೊವ್ ಸೂಟ್ ಉಬ್ಬಿಹೋಗಿ, ಒಳಗಿನ ಒತ್ತಡ ಇಳಿಸಿಕೊಂಡ ಮೇಲೆಯೇ ವಾಪಸು ತೂರಲಾಯಿತು. ಒತ್ತಡ ಇಷ್ಟು ಕಡಿಮೆಯಿರುವುದರಿಂದ ಹೊರಗೆ ಹೋಗುವ ಮುನ್ನ ರಕ್ತದಲ್ಲಿನ ಸಾರಜನಕ ತೊಳೆದುಹೋಗಬೇಕು. ಸೂಟ್‌ನೊಳಗೇ ಕೂತು ಆಮ್ಲಜನಕ ಉಸಿರಾಡುತ್ತ ಮಾಡುವುದಾದರೆ ಸುಮಾರು 4 ಗಂಟೆ, ಎರಡೂವರೆ ಸುತ್ತಿಗಿಂತ ಹೆಚ್ಚು. ಅವಸರದಲ್ಲಿ ಇದನ್ನು ಬಿಟ್ಟವರಿಗೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ರಕ್ತದಲ್ಲಿ ಗುಳ್ಳೆ ಏಳುತ್ತವೆ. ಮೊದಲು ಮೊಣಕೈ, ಭುಜ, ಮೊಣಕಾಲುಗಳಲ್ಲಿ ನೋವು. ತಂಡದಲ್ಲೊಬ್ಬ ತಯಾರಿ ಅರ್ಧಕ್ಕೇ ಮುಗಿಸಿ ಹೊರಬಂದಿದ್ದಾನೆ ಎಂದಿಟ್ಟುಕೊಳ್ಳಿ, ಅವನ ಬಲಗೈ ಯಾವ ನಿಮಿಷಕ್ಕೆ ಕೈಕೊಡುತ್ತದೆ ಎಂಬುದೇ ಒಂದು ದೃಶ್ಯ.

ಏರ್‌ಲಾಕ್ ಬಾಗಿಲು ಇನ್ನೂ ಒಳ್ಳೆಯ ಬೀಗ. 1 ಮೀಟರ್ ವ್ಯಾಸದ ಬಾಗಿಲಿನ ಮೇಲೆ ಪೂರ್ತಿ ಗಾಳಿಯ ಒತ್ತಡ ಎಂದರೆ 8 ಟನ್ ಭಾರ. ಒಳಮುಖವಾಗಿ ತೆರೆಯುವ ಬಾಗಿಲಾದರೆ ಯಾವ ಬಲಭೀಮನಿಗೂ ಅಲುಗದು, ಗಾಳಿಯೇ ಅದಕ್ಕೆ ಅಗುಳಿ. ಗಾಳಿ ಖಾಲಿ ಮಾಡಿ, ಬರೇ 1 ಶೇಕಡಾ ಉಳಿದಿದೆ ಎಂದುಕೊಂಡರೂ 80 ಕೆ.ಜಿ. ಎಳೆತ ಬೇಕು. ಮಾಪಕದ ಮುಳ್ಳು ಸೊನ್ನೆಯ ಹತ್ತಿರ ಬಂದಿದೆ, ನಾಯಕಿ ಹಿಡಿ ಎಳೆಯುತ್ತಾಳೆ, ಬಾಗಿಲು ಬರುವುದಿಲ್ಲ, ಕಾಲೂರಲು ನೆಲವಿಲ್ಲ, ಅವಳೇ ಬಾಗಿಲಿನತ್ತ ಎಳೆದುಕೊಂಡು ಹೋಗುತ್ತಾಳೆ. ಮುಳ್ಳಿನ ಕ್ಲೋಸ್‌ಅಪ್, ಹಿಡಿಯ ಮೇಲಿನ ಕೈಗವಸು, ಮತ್ತೆ ಮುಳ್ಳು. ಒಂದೂವರೆ ನಿಮಿಷದ ಈ ದೃಶ್ಯಕ್ಕೆ ಖಳನಾಯಕನ ಅಗತ್ಯವೇ ಇಲ್ಲ.

ಬಂದೂಕಿನ ಬಗ್ಗೆ ಸಿನಿಮಾಗಳು ಕಲಿಸಿರುವುದನ್ನು ಮರೆತುಬಿಡಿ. ನಿರ್ವಾತದಲ್ಲೂ ಗುಂಡು ಹಾರುತ್ತದೆ, ಉರಿಯಲು ಬೇಕಾದ್ದು ಮದ್ದಿನೊಳಗೇ ಇರುತ್ತದೆ. 8 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಸೂಟ್ ಸೇರಿ 200 ಕೆ.ಜಿ. ಇರುವ ವ್ಯಕ್ತಿ ಹಿಂದಕ್ಕೆ ಸರಿಯುವುದು ಸೆಕೆಂಡಿಗೆ ಒಂದೂವರೆ ಸೆಂ.ಮೀ. ಚಿಲ್ಲರೆ; ಆದರೆ ಭುಜದ ಮಟ್ಟದಿಂದ ಹೊಡೆದವನು ನಿಧಾನವಾಗಿ ಪಲ್ಟಿ ಹೊಡೆಯತೊಡಗುತ್ತಾನೆ, ಎರಡನೆಯ ಗುರಿ ತಪ್ಪುತ್ತದೆ. ಒಳಗೆ ಗುಂಡು ತಗುಲಿ 9 ಮಿ.ಮೀ. ತೂತಾದರೆ ಯಾರೂ ಅದರೊಳಗೆ ಸೆಳೆದುಕೊಂಡು ಹೋಗುವುದಿಲ್ಲ. ಆ ತೂತಿನ ಮೇಲೆ ಬೀಳುವ ಬಲ ಸುಮಾರು 650 ಗ್ರಾಂ, ಬೆರಳಿನಿಂದ ಮುಚ್ಚಬಹುದು. 100 ಘನ ಮೀಟರ್ ಕೋಣೆಯ ಒತ್ತಡ ಅರ್ಧಕ್ಕಿಳಿಯಲು ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಹಾಗೆಂದು ಆ ತೂತು ಕಥೆಗೆ ಬೇಡವೆಂದಲ್ಲ. ಒಂದು ಸುತ್ತಿನಷ್ಟು ಉದ್ದದ ಗಡಿಯಾರ ಪುಕ್ಕಟೆ ಸಿಕ್ಕಿತು, ಬಳಸಿಕೊಳ್ಳಿ. ಇದಕ್ಕೆ ಪ್ರತಿಯಾಗಿ 80 ಸೆಂ.ಮೀ. ದ್ವಾರವೇ ಕಿತ್ತುಹೋದರೆ ಅದೇ ಕೋಣೆ ಒಂದೆರಡು ಸೆಕೆಂಡಿನಲ್ಲಿ ಬರಿದು. ಪಕ್ಕದ ಬಾಗಿಲು ಮುಚ್ಚೋಣವೆಂದರೆ ಅದರ ಮೂಲಕ ಎಳೆದ ಕೇಬಲ್ಲುಗಳು ಅಡ್ಡ. 1997ರ ಜೂನ್ 25ರಂದು ಸರಕು ನೌಕೆ ಢಿಕ್ಕಿ ಹೊಡೆದಾಗ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದವರು ಸೋರುವ ಕೋಣೆಯನ್ನು ಮುಚ್ಚಲು ಮೊದಲು ಕೇಬಲ್‌ಗಳನ್ನು ಬಿಡಿಸಬೇಕಾಯಿತು.

ಸೂಟ್ ಇಲ್ಲದೆ ನಿರ್ವಾತಕ್ಕೆ ಬಿದ್ದವರು ಸ್ಫೋಟಿಸುವುದಿಲ್ಲ, ಮಂಜುಗಡ್ಡೆಯೂ ಆಗುವುದಿಲ್ಲ. ಪ್ರಜ್ಞೆ 10ರಿಂದ 15 ಸೆಕೆಂಡು ಇರುತ್ತದೆ. 1966ರಲ್ಲಿ ಹ್ಯೂಸ್ಟನ್‌ನ ನಿರ್ವಾತ ಕೋಣೆಯಲ್ಲಿ ಸೂಟ್‌ನ ಕೊಳವೆ ಕಳಚಿದ ತಂತ್ರಜ್ಞ ಸುಮಾರು 14 ಸೆಕೆಂಡಿಗೆ ಪ್ರಜ್ಞೆ ತಪ್ಪಿ, ಬೇಗ ಗಾಳಿ ತುಂಬಿದ್ದರಿಂದ ಬದುಕಿದ. ನಾಲಿಗೆಯ ಮೇಲೆ ಜೊಲ್ಲು ಕುದಿದದ್ದು ಅವನಿಗಿದ್ದ ಕೊನೆಯ ನೆನಪು. ಇಂಥ ದೃಶ್ಯವಿದ್ದರೆ ಪಾತ್ರ ಉಸಿರು ಬಿಗಿಹಿಡಿಯದೆ ಹೊರಗೆ ಬಿಡಲಿ, ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ.

ಒಂದು ಸಣ್ಣ ಉಪಾಯವನ್ನು ಇಲ್ಲೇ ಹೇಳಿಬಿಡಬೇಕು. ತೂಕರಹಿತ ಸ್ಥಿತಿಯಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತದೆ, ಇಂಗಾಲದ ಡೈಆಕ್ಸೈಡ್ ಸೇರಿ ತಲೆನೋವು ಶುರುವಾಗುತ್ತದೆ. ಅದಕ್ಕೇ ನಿಲ್ದಾಣದಲ್ಲಿ ಹಗಲು ರಾತ್ರಿ ಫ್ಯಾನ್‌ಗಳ ಗುಂಯ್‌ಗುಡುವಿಕೆ. ಕಳ್ಳರು ವಿದ್ಯುತ್ ಕಡಿದ ಕೂಡಲೇ ಮಲಗಿದ್ದ ಸಿಬ್ಬಂದಿ ಎಚ್ಚರವಾಗುವುದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ.

ಸೆಟ್: ತೇಲುವಿಕೆ

ಸೂಟ್ ಹಾಕದ ದೃಶ್ಯಗಳಿಗೆ ಒಂದು ಓಣಿ ಸಾಕು. ಒಳ ಅಗಲ 2.2 ಮೀ., ಉದ್ದ 5 ಮೀ., ಎಂಟು ಮುಖದ ಚೌಕಟ್ಟು, 12 ಮಿ.ಮೀ. ಪ್ಲೈವುಡ್. ಪ್ರತಿ ಹಲಗೆಯನ್ನೂ ಬೇರೆ ಬೇರೆಯಾಗಿ ಬೋಲ್ಟ್ ಮಾಡಿ, ಯಾವುದನ್ನು ಬೇಕಾದರೂ ತೆಗೆದು ಕ್ಯಾಮೆರಾ ತೂರಿಸುವಂತಿರಲಿ. ನಾಲ್ಕೂ ಕಡೆ ಸಾಮಾನು, ಹಿಡಿಕೆ, ವೆಲ್ಕ್ರೋ ಪಟ್ಟಿ. ಇಲ್ಲಿ ನೆಲ, ಸೂರು ಎಂಬುದಿಲ್ಲ. ಆದರೆ ಒಂದು ಗೋಡೆಯ ಹಿಡಿಕೆಗಳಿಗೆ ಮಾತ್ರ ಕಿತ್ತಳೆ ಬಣ್ಣ ಬಳಿಯಿರಿ. ಕ್ಯಾಮೆರಾ ಎಷ್ಟೇ ತಿರುಗಲಿ, ಪ್ರೇಕ್ಷಕನಿಗೆ ದಿಕ್ಕು ತಪ್ಪದಿರಲು ಅದೊಂದೇ ಆಸರೆ. ಹೊಡೆದಾಟದ ದೃಶ್ಯದಲ್ಲಿ ಇದಿಲ್ಲದಿದ್ದರೆ ಯಾರು ಯಾರನ್ನು ಹೊಡೆದರೆಂದೇ ತಿಳಿಯದು.

ಶಾಟ್‌ಗಳಲ್ಲಿ ಹೆಚ್ಚಿನವು ಸೊಂಟದ ಮೇಲಿನವು. ಅವಕ್ಕೆ ತಂತಿ ಬೇಡ. ಚಕ್ರದ ಸ್ಟೂಲ್ ಅಥವಾ ತಕ್ಕಡಿ ಹಲಗೆ ಸಾಕು. ತಕ್ಕಡಿ ಹಲಗೆ ಎಂದರೆ 3.6 ಮೀ. ಉದ್ದದ ಗಟ್ಟಿ ಉಕ್ಕಿನ ಪೈಪು, ಒಂದು ತುದಿಯಿಂದ 2.4 ಮೀ.ಗೆ ಆಧಾರ. ಉದ್ದದ ತುದಿಯಲ್ಲಿ ಸೈಕಲ್ ಸೀಟು, ಅದರ ಮೇಲೆ ಬೆಲ್ಟ್ ಕಟ್ಟಿದ ನಟ; ಗಿಡ್ಡ ತುದಿಯಲ್ಲಿ ಎದುರುತೂಕ. ನಟ 60 ಕೆ.ಜಿ. ಇದ್ದರೆ ಈ ಕಡೆ 120. ಪೈಪಿನದೇ ತೂಕ ಬೇರೆ ಇರುತ್ತದೆ, ಆದ್ದರಿಂದ ಕೊನೆಯ ಹೊಂದಾಣಿಕೆ ಒಂದೆರಡು ಕೆ.ಜಿ.ಯ ಮರಳು ಚೀಲಗಳಿಂದ. ಒಬ್ಬರು ಬೆರಳಿನಲ್ಲಿ ಒತ್ತಿದರೂ ನಟ ಮೇಲೆ ಕೆಳಗೆ ಹಗುರಾಗಿ ಸಾಗಬೇಕು. ಇದರಲ್ಲಿ ಆಗುವ ಅಪಘಾತ ಒಂದೇ ಬಗೆಯದು: ಟೇಕ್ ಮುಗಿಯಿತೆಂದು ನಟ ಎದ್ದುಬಿಡುತ್ತಾನೆ, ಎದುರುತೂಕ ಧಡಕ್ಕನೆ ಕೆಳಗೆ ಬಂದು ಸೀಟು ಮೇಲಕ್ಕೆ ಚಿಮ್ಮುತ್ತದೆ. ಆಧಾರದ ಬಳಿ ಅಡ್ಡ ಸರಳು ತೂರಿಸಿ ಹಲಗೆಯನ್ನು ಬಂಧಿಸುವವರೆಗೆ ಬೆಲ್ಟ್ ಬಿಚ್ಚಕೂಡದು. ಬಿಚ್ಚುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ.

ಇಡೀ ದೇಹ ಕಾಣುವ ಶಾಟ್‌ಗೆ ಓಣಿಯನ್ನು ಬಾವಿಯಂತೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ತಳದಲ್ಲಿಟ್ಟು ಮೇಲಕ್ಕೆ ನೋಡಿಸಿ. ತಂತಿ ನಟನ ಬೆನ್ನಿನಿಂದ ಮೇಲಕ್ಕೆ ಹೋಗುವುದರಿಂದ ಅವನ ದೇಹವೇ ಅದನ್ನು ಮರೆಮಾಡುತ್ತದೆ. ಕ್ಯಾಮೆರಾದ ಮೇಲೆ 6 ಮಿ.ಮೀ. ಪಾಲಿಕಾರ್ಬನೇಟ್ ಹಾಳೆ ಇರಲೇಬೇಕು, ನಟನ ಕೈಯ ಸ್ಪ್ಯಾನರ್ ಜಾರಿದರೆ ಬೀಳುವುದು ನೇರ ಲೆನ್ಸಿನ ಮೇಲೆ. ತಂತಿ, ಹಾರ್ನೆಸ್ (ನಟನ ಮೈಗೆ ಬಿಗಿಯುವ ಪಟ್ಟಿಗಳು), ಕೊಂಡಿಗಳನ್ನು ಸಾಹಸ ತಂಡದವರೇ ಹೂಡಬೇಕು. ಕಲಾ ವಿಭಾಗದವರು ಒಳ್ಳೆಯ ಮನಸ್ಸಿನಿಂದ ಮುಟ್ಟಿದರೂ ಬೇಡ. ನಟನನ್ನು ಹತ್ತು ನಿಮಿಷಕ್ಕೊಮ್ಮೆ ಕೆಳಗಿಳಿಸಿ ನಡೆದಾಡಿಸಿ. ಹಾರ್ನೆಸ್‌ನಲ್ಲಿ ಅಲುಗದೆ ತೂಗುತ್ತಿದ್ದರೆ ಕಾಲಲ್ಲಿ ರಕ್ತ ನಿಂತು ತಲೆ ತಿರುಗುತ್ತದೆ.

ಕ್ಯಾಮೆರಾವನ್ನು ಸೆಕೆಂಡಿಗೆ 32 ಫ್ರೇಮ್‌ಗೆ ಇಟ್ಟು 24ರಲ್ಲಿ ಓಡಿಸಿದರೆ ಚಲನೆ ಮುಕ್ಕಾಲು ವೇಗಕ್ಕಿಳಿದು ತೇಲುವಿಕೆಗೆ ಹೊಂದುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ಕಣ್ಣು ಮಿಟುಕಿಸುವುದೇ ಗುಟ್ಟು ಬಿಟ್ಟುಕೊಡುತ್ತದೆ. ಮಾತಾಡುವ ಶಾಟ್‌ಗಳಿಗೆ 24ನ್ನೇ ಇಡಿ. ನಟರಿಗೆ ಕಲಿಸಬೇಕಾದ್ದು ಸುಮ್ಮನಿರುವ ಭಂಗಿ: ಮೊಣಕಾಲು ತುಸು ಮಡಚಿ, ತೋಳು ಎದೆಯ ಮುಂದಕ್ಕೆ ತೇಲಿಬಂದು, ಪಾದ ಚಾಚಿ. ಕೈ ಪಕ್ಕಕ್ಕೆ ಜೋತುಬಿತ್ತೆಂದರೆ ಅಲ್ಲಿ ಗುರುತ್ವ ಬಂತು. ಹಗ್ಗಗಳೊಳಗೆ 3 ಮಿ.ಮೀ. ಅಲ್ಯೂಮಿನಿಯಂ ತಂತಿ ಸೇರಿಸಿದರೆ ಬಾಗಿದಲ್ಲೇ ನಿಲ್ಲುತ್ತವೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯಕೂಡದು, ಕಣ್ಣಿನ ಮೇಲೇ ಗುಳ್ಳೆಯಾಗಿ ಕೂರಬೇಕು.

ಪೆಟ್ಟಿಗೆಗೆ ಭಾರ ಕೊಡುವುದು

ಥರ್ಮಾಕೋಲ್ ಪೆಟ್ಟಿಗೆ ಕೊಟ್ಟು 'ಇದು ಐನೂರು ಕೆ.ಜಿ., ನಟಿಸು' ಅಂದರೆ ಯಾವ ನಟನಿಂದಲೂ ಆಗುವುದಿಲ್ಲ. ತೂಕ ಹೋದರೂ ಜಡತ್ವ ಹೋಗುವುದಿಲ್ಲ ಎಂಬುದು ಈ ಇಡೀ ಸಿನಿಮಾದ ಉಸಿರು, ಅದು ಪರದೆಯ ಮೇಲೆ ಕಾಣಲೇಬೇಕು. ಸಲಹೆ ಸರಳ: ಅಡ್ಡಡ್ಡ ಸಾಗುವಾಗ ಜಡತ್ವ ಭೂಮಿಯ ಮೇಲೂ ಅಷ್ಟೇ. ಟ್ರ್ಯಾಕ್ ಮೇಲಿನ ಟ್ರಾಲಿಗೆ ಪೆಟ್ಟಿಗೆ ಕೂರಿಸಿ ಒಳಗೆ 200 ಕೆ.ಜಿ. ಮರಳು ಚೀಲ ತುಂಬಿ, ಚಕ್ರಗಳು ಫ್ರೇಮಿನ ಕೆಳಗಿರಲಿ. ನಟ ಚಕ್ರದ ಸ್ಟೂಲ್ ಮೇಲಿದ್ದು ತಳ್ಳಲಿ. ಪೆಟ್ಟಿಗೆ ಒಲ್ಲೆನೆನ್ನುತ್ತ ಕದಲುತ್ತದೆ, ಅವನೇ ಹಿಂದಕ್ಕೆ ಜಾರುತ್ತಾನೆ, ನಿಲ್ಲಿಸಲು ಹೋದರೆ ಅವನನ್ನೇ ಎಳೆದುಕೊಂಡು ಹೋಗುತ್ತದೆ. ಮುಖದಲ್ಲಿ ಬರುವ ಗಾಬರಿ ನಿಜವಾದದ್ದು. ಟ್ರ್ಯಾಕ್ ತುದಿಯಲ್ಲಿ ರಬ್ಬರ್ ತಡೆ ಮತ್ತು ಬ್ರೇಕ್ ಹಿಡಿದವರೊಬ್ಬರು ಇರಲೇಬೇಕು. ಪೆಟ್ಟಿಗೆ ಮತ್ತು ಗೋಡೆಯ ನಡುವೆ ಯಾರ ಕೈಯೂ ಇರಕೂಡದು.

ಕಥೆಯಲ್ಲಿ ವೇಗ ಎಷ್ಟಿರಬೇಕು? 500 ಕೆ.ಜಿ. ಪೆಟ್ಟಿಗೆ ಸೆಕೆಂಡಿಗೆ 30 ಸೆಂ.ಮೀ. ಸಾಗುತ್ತಿದ್ದರೆ, ಕಾಲು ಭದ್ರವಾಗಿ ಸಿಕ್ಕಿಸಿಕೊಂಡವರು 30 ಸೆಂ.ಮೀ. ದೂರದಲ್ಲಿ ಅದನ್ನು ನಿಲ್ಲಿಸಲು ಏಳೂವರೆ ಕೆ.ಜಿ. ಎತ್ತುವಷ್ಟು ಬಲ ಸಾಕು. ಸೆಕೆಂಡಿಗೆ 1 ಮೀಟರ್ ಆದರೆ ಅದೇ ಕೆಲಸಕ್ಕೆ 85 ಕೆ.ಜಿ. ಎತ್ತುವಷ್ಟು, ಸೂಟ್ ತೊಟ್ಟ ತೋಳಿಗೆ ಅದು ಮೀರಿದ್ದು. ನಡಿಗೆಗಿಂತ ನಿಧಾನವಾಗಿ ಬರುವ ವಸ್ತು ಪಕ್ಕೆಲುಬು ಮುರಿಯುತ್ತದೆ ಎಂಬುದನ್ನು ಮೊದಲೊಮ್ಮೆ ಸಣ್ಣ ಸಾಮಾನು ನಜ್ಜುಗುಜ್ಜಾಗುವುದರಲ್ಲಿ ತೋರಿಸಿ. ಆಮೇಲೆ ಪೆಟ್ಟಿಗೆ ಅಲುಗಿದಾಗಲೆಲ್ಲ ಪ್ರೇಕ್ಷಕರು ತಾವೇ ಉಸಿರು ಹಿಡಿಯುತ್ತಾರೆ.

ಬೆಳಕು, ಹೆಲ್ಮೆಟ್, ಮಾದರಿ

ಹೊರಗಿನ ದೃಶ್ಯಕ್ಕೆ ಒಂದೇ ಸೂರ್ಯ, ಒಂದೇ ದೀಪ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಚಿಲ್ಲರೆ. ಅದೇ ಅಂಚಿನ ನೆರಳು ಬೇಕೆಂದರೆ 10 ಮೀ. ದೂರದಲ್ಲಿಟ್ಟ ದೀಪದ ಬಾಯಿ ಸುಮಾರು 9 ಸೆಂ.ಮೀ. ಇರಬೇಕು. ಮುಂದೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಿ ಮೆತ್ತಗಾಗಿಸುವ ಬಟ್ಟೆಯ ಪೆಟ್ಟಿಗೆ) ಹಾಕಿದರೆ ಸ್ಟುಡಿಯೋ ಕಾಣುತ್ತದೆ. ನೆರಳಿನ ಕಡೆ ಬೆಳಕು ತುಂಬಲು ಹೋಗಬೇಡಿ, ಸುತ್ತಲೂ ಕಪ್ಪು ವೆಲ್ವೆಟ್ ಕಟ್ಟಿ. ಭೂಮಿ ಇರುವ ದಿಕ್ಕಿನಿಂದ ಮಾತ್ರ ಹರಡಿದ ತಿಳಿನೀಲಿ ಬೆಳಕು, 4 ಮೀ. ಬಿಳಿ ಬಟ್ಟೆಗೆ ಬಡಿದು ಬಂದದ್ದು. ಭೂಮಿಯತ್ತ ಮುಖ ಮಾಡಿದ ನಿಲ್ದಾಣದ ಮೇಲೆ ಸೂರ್ಯ ನಿಮಿಷಕ್ಕೆ ಸುಮಾರು 4 ಡಿಗ್ರಿ ಸರಿಯುತ್ತಾನೆ. ಎರಡು ನಿಮಿಷದ ಶಾಟ್‌ನಲ್ಲಿ ದೀಪವನ್ನು ಕ್ರೇನ್ ಮೇಲೆ 8 ಡಿಗ್ರಿ ಸರಿಸಿ. ಯಾರೂ ಬೆರಳಿಟ್ಟು ತೋರಿಸಲಾರರು, ಆದರೆ ನೆರಳು ಹರಿದಾಡುವುದು ಎಲ್ಲರಿಗೂ ತಟ್ಟುತ್ತದೆ. ಬಿಸಿಲಿನ ಶಾಟ್‌ಗಳಲ್ಲಿ ನಕ್ಷತ್ರ ಹಾಕಬೇಡಿ, ಆ ಎಕ್ಸ್‌ಪೋಷರ್‌ಗೆ ಅವು ಕಾಣುವುದಿಲ್ಲ. ನೆರಳಿನ 36 ನಿಮಿಷಕ್ಕೆ ಅವನ್ನು ಕೂಡಿಟ್ಟುಕೊಳ್ಳಿ.

ಹೆಲ್ಮೆಟ್ ಗಾಜಿನಲ್ಲಿ ಇಡೀ ಯೂನಿಟ್ ಕಾಣುತ್ತದೆ. ಹೆಚ್ಚಿನ ಶಾಟ್‌ಗಳನ್ನು ಗಾಜು ತೆಗೆದೇ ಚಿತ್ರೀಕರಿಸಿ, ಪ್ರತಿಫಲನವನ್ನು ಆಮೇಲೆ ಸೇರಿಸಿ. ಗಾಜು ಬೇಕೇಬೇಕಾದಾಗ ಹಿಂಬದಿ 40 ಮಿ.ಮೀ.ನ ಎರಡು ಫ್ಯಾನ್ ಇಡಿ, ಒಂದು ಗಾಳಿ ಒಳಕ್ಕೆ, ಇನ್ನೊಂದು ಹೊರಕ್ಕೆ. ಇದು ಮಂಜು ಕಟ್ಟದಿರಲಿ ಎಂದಷ್ಟೇ ಅಲ್ಲ, ಮುಚ್ಚಿದ ಹೆಲ್ಮೆಟ್‌ನೊಳಗೆ ನಟನ ಉಸಿರೇ ಅವನಿಗೆ ವಿಷವಾಗುತ್ತದೆ. ಫ್ಯಾನ್ ನಿಂತರೆ ಟೇಕ್ ನಿಲ್ಲಬೇಕು. ಮುಖ ಕಾಣಲೆಂದು ಹೆಲ್ಮೆಟ್‌ನೊಳಗೆ ದೀಪ ಹಾಕುವುದು ರೂಢಿ. ನಿಜವಾಗಿ ಹಾಗೆ ಮಾಡಿದರೆ ಗಗನಯಾತ್ರಿಗೆ ಹೊರಗಿನದು ಕಾಣಿಸದು. ಅಂಚಿನಲ್ಲಿ ಮಂಕಾದ ಒಂದು ಎಲ್‌ಇಡಿ ಪಟ್ಟಿ, ಅಷ್ಟಕ್ಕೆ ನಿಲ್ಲಿಸಿ.

ನೌಕೆಯ ಮಾದರಿ 1:24ರಲ್ಲಿ ಮಾಡಿದರೆ 20 ಮೀ. ನೌಕೆ 83 ಸೆಂ.ಮೀ. ಆಗುತ್ತದೆ. ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಎಫ್ 16ಕ್ಕೋ 22ಕ್ಕೋ ಕಿರಿದಾಗಿಸಿ, ಇಲ್ಲದಿದ್ದರೆ ಹಿಂದಿನ ಭಾಗ ಮಸುಕಾಗಿ ಆಟಿಕೆ ಎಂದು ಗೊತ್ತಾಗುತ್ತದೆ. ಚೂರು ಸಿಡಿಯುವ ಶಾಟ್‌ಗೆ ಮಾದರಿಯನ್ನು ಮೇಲೆ ತೂಗುಹಾಕಿ ಕ್ಯಾಮೆರಾವನ್ನು ಕೆಳಗಿನಿಂದ ನೋಡಿಸಿ, ಸೆಕೆಂಡಿಗೆ 120 ಫ್ರೇಮ್. ಚೂರುಗಳು ಕ್ಯಾಮೆರಾದತ್ತಲೇ ಬೀಳುವುದರಿಂದ ಬಾಗಿದ ದಾರಿ ಕಾಣದೆ ಎಲ್ಲ ದಿಕ್ಕಿಗೂ ನೇರವಾಗಿ ಚೆದುರಿದಂತಿರುತ್ತದೆ. ಬೆಂಕಿಯ ಉಂಡೆ, ಹೊಗೆಯ ಮೋಡ ಬೇಡ.

ಶಬ್ದ

ನಿರ್ವಾತದಲ್ಲಿ ಸದ್ದಿಲ್ಲ ಎಂದು ಇಡೀ ದೃಶ್ಯವನ್ನು ಮೂಕಿ ಮಾಡುವುದೂ ತಪ್ಪೇ. ಸೂಟ್‌ನೊಳಗೆ ಉಸಿರು, ಫ್ಯಾನ್, ರೇಡಿಯೋ ಕೇಳುತ್ತವೆ. ಮುಟ್ಟಿದ್ದು ಮೈಮೂಲಕ ಕೇಳುತ್ತದೆ. ರೇಡಿಯೋ ಮಾತನ್ನು 300ರಿಂದ 3,400 ಹರ್ಟ್ಸ್ ನಡುವೆ ಕತ್ತರಿಸಿ. ಸೆಟ್‌ನ ಉಕ್ಕಿನ ತುಂಡಿಗೆ ಪೀಜೊ ಮೈಕ್ (ಗಾಳಿಯ ಸದ್ದಿನ ಬದಲು ವಸ್ತುವಿನ ಕಂಪನ ಹಿಡಿಯುವ ಮೈಕ್) ಅಂಟಿಸಿ, ಕೈಗವಸಿನಿಂದ ತಟ್ಟಿ, ಕೊಂಡಿ ಎಳೆದು ರೆಕಾರ್ಡ್ ಮಾಡಿಕೊಳ್ಳಿ. 400 ಹರ್ಟ್ಸ್ ಮೇಲಿನದನ್ನು ತೆಗೆದುಹಾಕಿದರೆ ಎಲುಬಿನಲ್ಲಿ ಕೇಳಿದಂತಾಗುತ್ತದೆ. ಏರ್‌ಲಾಕ್ ಖಾಲಿಯಾಗುವಾಗ ಸೂಟ್‌ನ ಹೊರಗಿನ ಸದ್ದುಗಳು ಕ್ರಮೇಣ ಕ್ಷೀಣಿಸುತ್ತ ಹೋಗಲಿ, ಮಾಪಕದ ಮುಳ್ಳು ಇಳಿದಂತೆಲ್ಲ ಸದ್ದೂ ಇಳಿಯಲಿ.

ಹೀಗೆ ಮಾಡಿದ್ದರೆ ಪೆಟ್ಟಿಗೆ ಏರ್‌ಲಾಕ್ ಬಾಗಿಲಿಗೆ ಬರುವ ಹೊತ್ತಿಗೆ ಕೇಳುವುದು ಉಸಿರೊಂದೇ. ಬಾಗಿಲು 1 ಮೀಟರ್, ಪೆಟ್ಟಿಗೆ 85 ಸೆಂ.ಮೀ.; ಎರಡು ಬದಿಗೂ ಏಳೂವರೆ ಸೆಂ.ಮೀ. ಜಾಗ. ಪೆಟ್ಟಿಗೆ ತುಸು ಓರೆಯಾಗಿದೆ. ಮೂಲೆ ಚೌಕಟ್ಟಿಗೆ ತಗುಲುವುದನ್ನು ತೋರಿಸುವಾಗ ಶಬ್ದ ಹಾಕಬೇಡಿ. ನಾಯಕಿಯ ಕೈ ಪೆಟ್ಟಿಗೆಯನ್ನು ಹಿಡಿದಿರುವ ಶಾಟ್‌ಗೆ ಕತ್ತರಿಸಿ, ಆಗ ಮಾತ್ರ ಆ ಉಜ್ಜುವ ಸದ್ದು ಬರಲಿ. ಅವಳು ಕೈ ಬಿಟ್ಟ ಫ್ರೇಮಿಗೆ ಅದು ನಿಲ್ಲಲಿ.